ಉಲ್ಟಾ ಸೀರೆ, ಬಾಂಬೆ ಫ್ಯಾಷನ್

ಹೋದ ವಾರ ನನ್ನ ಮೊಮ್ಮಗಳು ಚಂದನಾಳನ್ನು ಗೆಳತಿಯರೆಲ್ಲ ಸೇರಿ ವಾಟ್ಸಾಪ್ ಗ್ರೂಪಿನಿಂದ ಕಿತ್ತುಹಾಕಿದರು. ಅಪರಾಧ? ಹಸಿರು ಸೀರೆ.

ಕಾಲೇಜಿನ ಎಥ್ನಿಕ್ ಡೇಗೆ ಗ್ಯಾಂಗಿನವರೆಲ್ಲ ನೇರಳೆ ಸೀರೆಯನ್ನೇ ಉಡಬೇಕೆಂದು ಲೀಡರ್ ಹರ್ಷಿತಾ ಕಾನೂನು ಮಾಡಿದ್ದಳು. ಯಾವುದೋ ಸೀರಿಯಲ್ಲಿನ ಹೀರೋಯಿನ್ ತನ್ನ ಎಂಗೇಜ್‌ಮೆಂಟಿಗೆ ಅದನ್ನೇ ಉಟ್ಟಿದ್ದಳಂತೆ. (ಆ ಎಂಗೇಜ್‌ಮೆಂಟ್ ಮುರಿದುಬಿತ್ತು. ಅದು ಮಾತ್ರ ಯಾರಿಗೂ ನೆನಪಿಲ್ಲ.)

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. "ಮನೆ ತುಂಬ ಸೀರೆ ಇಟ್ಕೊಂಡು ಹೊರಗ್ಯಾಕೆ ತರೋದು?" ಎಂದು ಮಗ ಹಸಿರು ಸೀರೆ ಕೊಟ್ಟ. ಅದು ಗೊತ್ತಾದ ಕೂಡಲೇ ಗ್ಯಾಂಗಿನವರು ಅವಳನ್ನು ಗ್ರೂಪಿನಿಂದ ಹೊರಗೆ ಹಾಕಿದರು. ಹುಡುಗಿ ಊಟ ಬಿಟ್ಟಳು. "ನಾನು ಕಾಲೇಜಿಗೇ ಹೋಗಲ್ಲ ತಾತ" ಎಂದಳು.

ಮಾರನೇ ದಿನ ಅದೇ ಗ್ಯಾಂಗ್ ನಮ್ಮ ಮನೆಗೇ ಬಂತು, ಸೆರಗಿಗೆ ಕುಚ್ಚು ಹಾಕಿಸಲು. ನನ್ನ ಹೆಂಡತಿ ಹಾಕುವ ಕುಚ್ಚು ಊರಿಗೇ ಫೇಮಸ್. ಮೊಮ್ಮಗಳನ್ನು ಬಿಟ್ಟವರು ಅಜ್ಜಿಯ ಕುಚ್ಚು ಬಿಡುತ್ತಾರಾ? ಅಜ್ಜಿ ಹಿತ್ತಲಿನಲ್ಲಿದ್ದಳು. ಜಗುಲಿಯ ಮೇಲೆ ನಾನಿದ್ದೆ. ಅವರ ಗ್ರಹಚಾರ.

ಒಂದು ಸೀರೆ ಬಿಡಿಸಿ, ಎಳೆಗಳು ಜೋತಾಡುವ ಹಿಂಬದಿಯನ್ನು ಮೇಲೆ ಮಾಡಿದೆ.

"ಇನ್ನೂ ಹಳೇ ಥರಾನೇ ಉಡ್ತೀರೇನಮ್ಮಾ? ಬಾಂಬೇಲಿ ಈಗ ಈ ಕಡೇನೇ ಮೇಲೆ. ರಾ ಲುಕ್ ಅಂತಾರೆ."

ಹರ್ಷಿತಾ ಫೋನ್ ತೆಗೆದಳು. "ಗೂಗಲ್‌ನಲ್ಲಿ ಎಲ್ಲೂ ಇಲ್ವಲ್ಲ ತಾತ."

"ಗೂಗಲ್‌ಗೆ ಬರೋ ಹೊತ್ಗೆ ಅದು ಹಳೇದಾಗಿರುತ್ತೆ ಕಣಮ್ಮ. ಮೊದ್ಲು ಗೊತ್ತಾಗೋದು ನೇಯೋರಿಗೆ."

ಉಳಿದವರು ಹರ್ಷಿತಾಳ ಮುಖ ನೋಡಿದರು. ಅವಳು ತಲೆಯಾಡಿಸಿದ್ದೇ ತಡ, ಎಲ್ಲರ ತಲೆಯೂ ಆಡಿತು. ಈ ಊರಲ್ಲಿ ನನ್ನ ಕೈಗೆ ಸಿಕ್ಕಿ ಬಕ್ರಾ ಆದವರು ಬಹಳ ಮಂದಿ. ಇಷ್ಟು ಸಲೀಸಾಗಿ ಯಾರೂ ಆಗಿರಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ಚಂದನಾ ನಗು ತಡೆಯಲು ವೇಲು ಬಾಯಿಗೆ ತುರುಕಿಕೊಂಡಿದ್ದಳು. ಅವತ್ತು ಎರಡು ಮುದ್ದೆ ತಿಂದಳು. ಎಥ್ನಿಕ್ ಡೇ ಬೆಳಿಗ್ಗೆ ಹಸಿರು ಸೀರೆ ನೆಟ್ಟಗೆ ಉಟ್ಟು, ತಲೆಯೆತ್ತಿ ಹೊರಟಳು. ಗೆದ್ದೆ ಅಂದುಕೊಂಡೆ.

ಸಂಜೆ ಬಂದಳು. ಸೀರೆ ಉಲ್ಟಾ. ಎಳೆಗಳೆಲ್ಲ ಬಳೆಗೆ ಸಿಕ್ಕಿ ಕಿತ್ತುಬಂದಿದ್ದವು.

"ಏನೇ ಇದು? ನಿಂಗೆ ನಿಜ ಗೊತ್ತಿತ್ತಲ್ಲ?"

"ಗೊತ್ತಿತ್ತು ತಾತ. ಎಲ್ರೂ ಉಲ್ಟಾ ಉಟ್ಕೊಂಡಿರೋವಾಗ ನಾನೊಬ್ಳು ಸರಿಯಾಗಿ ಉಟ್ರೆ ನಾನೇ ಪೆದ್ದಿ ಥರ ಕಾಣಲ್ವಾ? ಅದಕ್ಕೆ ಅಲ್ಲೇ ತಿರುಗಿಸಿ ಉಟ್ಕೊಂಬಿಟ್ಟೆ. ಕಲರ್ ಯಾರೂ ಕೇಳ್ಲೇ ಇಲ್ಲ. ಫೋಟೋದಲ್ಲಿ ನಡುವೆ ನಿಲ್ಲಿಸ್ಕೊಂಡ್ರು. ಗ್ರೂಪಿಗೂ ಸೇರಿಸ್ಕೊಂಡ್ರು."

ಈ ಕಾಲದ ಮಕ್ಕಳಿಗೆ ಸ್ವಂತ ಬುದ್ಧಿಯೇ ಇಲ್ಲ ಎಂದು ಎರಡು ದಿನ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಭಾನುವಾರ ಯಾರದೋ ಗೃಹಪ್ರವೇಶಕ್ಕೆಂದು ಹೆಂಡತಿ ಕನ್ನಡಿ ಮುಂದೆ ನಿಂತಿದ್ದಳು. ನೋಡಿದರೆ, ಅವಳ ಸೀರೆಯೂ ಉಲ್ಟಾ.

"ಲೇ, ಉಲ್ಟಾ ಉಟ್ಟಿದೀಯ."

"ನಿಮಗೇನ್ರೀ ಗೊತ್ತು ಫ್ಯಾಷನ್ನು? ನಮ್ಮ ಭಜನೆ ಗುಂಪಿನೋರೆಲ್ಲ ಇವತ್ತು ಹಿಂಗೇ ಉಡೋದು. ಬಾಂಬೇದಂತೆ."

ಅವಳಿಗೀಗ ಅರವತ್ತಾರು. ಈ ಟೀನೇಜ್ ಅನ್ನೋದು ಯಾವ ವಯಸ್ಸಿಗೆ ಮುಗಿಯುತ್ತದೆ, ಯಾರಿಗಾದರೂ ಗೊತ್ತಾ?