ಕಾರಿನ ಪಕ್ಕ ನಿಂತು ಹೇಳಿದ ಇಂಗ್ಲಿಷ್ ಭಾಷಣ

ಇವತ್ತು ಬೆಳಿಗ್ಗೆ ಕೊಬ್ಬರಿ ಇಳಿಸಲು ಅಟ್ಟ ಹತ್ತಿದೆ. ಒಣಗಿದ ಕಾಯಿಯ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಸಿಟ್ಟು ಎದ್ದು ಕೂತಿತು.

ಹೈಸ್ಕೂಲಿನಲ್ಲಿದ್ದಾಗ ಇದೇ ಅಟ್ಟದಲ್ಲಿ ಕಾಯಿರಾಶಿಯ ಎದುರು ನಿಂತು ವಾರ್ಷಿಕೋತ್ಸವದ ಇಂಗ್ಲಿಷ್ ಭಾಷಣ ಕಲಿಯುತ್ತಿದ್ದೆ. 'ಸ್ಕೂಲ್' ಅನ್ನುವುದು 'ಇಸ್ಕೂಲ್' ಆಗದಂತೆ ನಾಲಿಗೆ ತಿದ್ದಿಕೊಳ್ಳುತ್ತಿದ್ದೆ. ಕೆಳಗೆ ಎಲೆಅಡಿಕೆ ಮೆಲ್ಲುತ್ತಿದ್ದ ತಾತ, "ಅದೇನ್ ವಟವಟ ಅಂತೀಯೇ, ಸುಮ್ಕಿರು" ಎಂದು ಗದರುತ್ತಿದ್ದರು.

ವಾರ್ಷಿಕೋತ್ಸವದ ಹಿಂದಿನ ದಿನ ಇಂಗ್ಲಿಷ್ ಮೇಷ್ಟ್ರು ಆ ಭಾಷಣವನ್ನು ತುಮಕೂರಿನಿಂದ ಹೊಸದಾಗಿ ಬಂದಿದ್ದ ಹುಡುಗಿಗೆ ಕೊಟ್ಟುಬಿಟ್ಟರು.

"ಏನ್ ತಪ್ಪು ಹೇಳ್ದೆ ಸಾರ್?"

"ತಪ್ಪೇನಿಲ್ಲ ಕಣಮ್ಮ. ನೀನು ಇಂಗ್ಲಿಷ್ ಮಾತಾಡಿದ್ರೆ ತೋಟದಲ್ಲಿ ಆಳು ಕೂಗ್ದಂಗಿರ್ತದೆ. ಬರೋರು ದೊಡ್ಡೋರು."

ಇಡೀ ತರಗತಿ ನಕ್ಕಿತು. ಮನೆಗೆ ಹೋಗಿ ತಾತನಿಗೆ ಹೇಳಿದೆ. ಮರುದಿನ ಅವರು ಶಾಲೆಗೆ ಬಂದು, ಕಾರ್ಯಕ್ರಮ ಮುಗಿಯುವವರೆಗೂ ಹಿಂದೆ ಕೂತಿದ್ದು, ಅತಿಥಿಗಳ ಕಾರಿನ ಬಾಗಿಲಿಗೆ ಅಡ್ಡ ನಿಂತರು.

"ಸ್ವಾಮಿ, ನನ್ ಮೊಮ್ಮಗಳ ಭಾಷಣ ಉಳ್ಕಂಡೈತೆ. ಕೇಳ್ಕಂಡು ಹೋಗಿ."

ಹೇಳಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒಂದು ಪದವೂ ತಪ್ಪಲಿಲ್ಲ. ಅತಿಥಿಗಳು ಕೊನೆಯವರೆಗೂ ನಿಂತು ಕೇಳಿದರು. ಮೇಷ್ಟ್ರು ವಾಚು ನೋಡಿಕೊಳ್ಳುತ್ತಿದ್ದರು. ವಾಪಸು ಬರುವಾಗ ತಾತ, "ನಂಗೇನೂ ಅರ್ಥ ಆಗ್ಲಿಲ್ಲ ಬುಡು, ಆದ್ರೆ ಗಟ್ಟಿಯಾಗಿ ಹೇಳ್ದೆ" ಎಂದರು.

ಈಗ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಮೇಷ್ಟ್ರು ತುರುವೇಕೆರೆಯಲ್ಲಿ ಸಿಕ್ಕಾಗೆಲ್ಲ ಪಕ್ಕದವರಿಗೆ, "ನನ್ ಸ್ಟೂಡೆಂಟು ಕಣ್ರೀ" ಎಂದು ಎದೆಯುಬ್ಬಿಸುತ್ತಾರೆ. ನಾನು ಕೈಮುಗಿದು ಮುಂದೆ ಹೋಗುತ್ತೇನೆ. ಅವರನ್ನು ಇನ್ನೂ ಕ್ಷಮಿಸಿಲ್ಲ.