ಮುಕ್ಕುಂದದ ದಾರಿಯಲ್ಲಿ ಹಾಸ್ಟೆಲ್ ಅಕ್ಕ

ಮಗಳ ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಿದ್ದೆ. ಸೊಳ್ಳೆ ಮುಲಾಮಿನ ಟ್ಯೂಬಿನ ಮುಚ್ಚಳ ಸಡಿಲಾಗಿ ಕೋಣೆಯೆಲ್ಲ ವಾಸನೆ ತುಂಬಿತು. ಮುಂದಿನ ವಾರ ಆಕೆ ನಮ್ಮ ಚರ್ಚಿನ ಯುವಕರ ಗುಂಪಿನ ಜೊತೆ ಕೀನ್ಯಾಕ್ಕೆ ಹೊರಟಿದ್ದಾಳೆ, ಅಲ್ಲಿನ ಹಳ್ಳಿಯೊಂದರ ಶಾಲೆಯಲ್ಲಿ ಎರಡು ವಾರ ಸೇವೆ ಮಾಡಲು. ಮನೆಯಲ್ಲಿ ಎಲ್ಲರಿಗೂ ಹಿಗ್ಗು. ನನಗೆ ಮಾತ್ರ, ಅವಳಿಂದ ಅಲ್ಲಿಯ ಮಕ್ಕಳಿಗೆ ಏನಾದರೂ ತೊಂದರೆಯಾದೀತೇ ಎಂಬ ಚಿಂತೆ…

ಸಿಂಧನೂರಿನ ನಮ್ಮ ಚರ್ಚಿನ ಹಾಸ್ಟೆಲಿಗೆ ಪ್ರತಿ ವರ್ಷ ಬರುತ್ತಿದ್ದ ಪರದೇಶದ ಹುಡುಗ ಹುಡುಗಿಯರ ಮೈಗೆಲ್ಲ ಇದೇ ವಾಸನೆ. ಆಗ ನಾನು ಅಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅಲ್ಲಿನ ವಾರ್ಡನ್‌ಗೆ ಎಲ್ಲರೂ ಹಾಸ್ಟೆಲ್ ಅಕ್ಕ ಎನ್ನುತ್ತಿದ್ದರು. ಬಾಯಿ ಎಂದರೆ ಬಾಯಿ! ಪಾಸ್ಟರರೂ ಅವರೆದುರು ದನಿ ತಗ್ಗಿಸುತ್ತಿದ್ದರು. ಬಂದವರನ್ನು ಮೊದಲ ದಿನವೇ ಕೂರಿಸಿ, ಚಹಾ ಕೊಟ್ಟು, ಕಟ್ಟಪ್ಪಣೆ ಮಾಡುತ್ತಿದ್ದರು: ಮಗುವನ್ನು ಒಂಟಿಯಾಗಿ ಎಲ್ಲಿಗೂ ಕರೆದೊಯ್ಯಬಾರದು, ಕೇಳದೆ ಫೋಟೋ ತೆಗೆಯಬಾರದು, ಮತ್ತೆ ಬರುತ್ತೇನೆಂದು ಮಾತು ಕೊಡಬಾರದು. ಆ ಹುಡುಗ ಹುಡುಗಿಯರು ನಗುತ್ತ ತಲೆಯಾಡಿಸುತ್ತಿದ್ದರು. ಸೇವೆಗೆ ಬಂದವರಿಗೆ ಅತ್ತೆಯ ಕಾಟವೇ ಎಂದು ನನಗೂ ಅನ್ನಿಸುತ್ತಿತ್ತು.

ಒಂದು ವರ್ಷ ಬಂದವರಲ್ಲಿ ಒಬ್ಬ ಎತ್ತರದ ಹುಡುಗನಿದ್ದ, ಬಹಳ ಮೆದು ಮನಸ್ಸಿನವನು. ಸಂತೆಕಲ್ಲೂರಿನಿಂದ ಹಾಸ್ಟೆಲಿಗೆ ಬಂದಿದ್ದ ಒಂದು ಸಣ್ಣ ಹುಡುಗಿ ಅವನ ಕಿರುಬೆರಳು ಬಿಡುತ್ತಿರಲಿಲ್ಲ. ಅವಳ ತಾಯಿ ಭತ್ತದ ನಾಟಿಗೆಂದು ನಮ್ಮ ತಾಲ್ಲೂಕಿನ ಮುಕ್ಕುಂದಕ್ಕೆ ಕೂಲಿಗೆ ಬಂದು ಅಲ್ಲೇ ಉಳಿದಿದ್ದಳು. ಅವ್ವ ಬೇಕು ಎಂದು ಹುಡುಗಿ ದಿನವೂ ಅಳುತ್ತಿದ್ದಳು. ಅವನಿಗೆ ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಅಡಿಗೆಯವನ ಬೈಕ್ ಇಸಿದುಕೊಂಡು, ಯಾರಿಗೂ ಹೇಳದೆ, ಅವಳನ್ನು ಮುಂದೆ ಕೂರಿಸಿಕೊಂಡು ಮುಕ್ಕುಂದಕ್ಕೆ ಹೊರಟುಬಿಟ್ಟ.

ಮಕ್ಕಳ ಕಳ್ಳರು ಬಂದಿದ್ದಾರೆಂದು ಮೊಬೈಲುಗಳಲ್ಲಿ ಸುದ್ದಿ ಹರಿದಾಡುತ್ತಿದ್ದ ಕಾಲ ಅದು. ದಾರಿಯಲ್ಲಿ ಜನ ಅವನನ್ನು ತಡೆದರು. ಹುಡುಗಿಯ ಚೀಲದ ಮೇಲೆ ಹಾಸ್ಟೆಲಿನ ನಂಬರ್ ಇತ್ತು. ಯಾರೋ ಪುಣ್ಯಾತ್ಮರು ಫೋನ್ ಮಾಡಿದರು. "ಅವ್ನ ಮೈ ಮುಟ್ಟಬ್ಯಾಡ್ರಿ, ನಾವು ಬರಾಕತ್ತೀವಿ" ಎಂದವರೇ ಅಕ್ಕ ನನ್ನನ್ನು ಆಟೋಗೆ ಎಳೆದುಕೊಂಡು ಹತ್ತಿದರು. ನನ್ನ ಕೈ ಹಿಡಿದವರು ಊರು ದಾಟಿದರೂ ಬಿಡಲಿಲ್ಲ. ಅಕ್ಕನಿಗೂ ಹೆದರಿಕೆಯಾಗುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು…

ಕಾಲುವೆ ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಹುಡುಗನ ಅಂಗಿ ಹರಿದಿತ್ತು. ಅವನ ಮಾತು ಅವರಿಗೆ ತಿಳಿಯದು, ಅವರದು ಇವನಿಗೆ ತಿಳಿಯದು. "ಹುಡುಗೀನ ಎಲ್ಲಿಗೆ ಒಯ್ಯಾಕತ್ತಿದ್ದಿಲೇ?" ಎಂದು ಒಬ್ಬಾತ ಅವನ ಕೊರಳಪಟ್ಟಿ ಹಿಡಿದು ಕೂಗುತ್ತಿದ್ದ. ಇನ್ನು ಅಕ್ಕನ ಬಾಯಿ ಶುರುವಾಗುತ್ತದೆ, ಜನ ಇನ್ನಷ್ಟು ಕೆರಳುತ್ತಾರೆ, ಈ ಹುಡುಗ ಉಳಿಯುವುದಿಲ್ಲ ಎಂದುಕೊಂಡೆ. ಅಕ್ಕ ಮಾತ್ರ ಹುಡುಗಿಯನ್ನು ಕಂಕುಳಿಗೆ ಎತ್ತಿಕೊಂಡು ಜನರಿಗೆ ತಲೆಬಾಗಿದರು.

"ನೀವು ತಡದಿದ್ದು ಛಲೋ ಆತ್ರಿ. ನಮ್ಮ ಕೂಸಿನ ಸಲುವಾಗಿ ನಿಂತ್ರಿ. ತಪ್ಪು ನಮ್ದೈತಿ."

ಜಗಳಕ್ಕೆ ಸಜ್ಜಾಗಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು. ಕೊರಳಪಟ್ಟಿ ಹಿಡಿದ ಕೈ ಸಡಿಲಾಯಿತು. ಹಿರಿಯರೊಬ್ಬರು ಹುಡುಗನಿಗೆ ಕುಡಿಯಲು ನೀರು ಕೊಟ್ಟರು.

ಅಲ್ಲಿಂದ ಅಕ್ಕ ಹಿಂದಿರುಗಲಿಲ್ಲ. ಹುಡುಗಿಯನ್ನು ನೇರ ತಾಯಿಯ ಹತ್ತಿರ ಕರೆದೊಯ್ದರು. ಕೆಸರುಗಾಲಲ್ಲೇ ಗದ್ದೆಯಿಂದ ಓಡಿ ಬಂದ ಆಕೆಯೆದುರು, "ದಿನಾ ಅಳಾಕತ್ತಿತ್ತವ್ವಾ, ನಾನೂ ಕಿವಿಗೆ ಹಾಕ್ಕೊಳ್ಳಲಿಲ್ಲ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಹುಡುಗನಿಗೆ ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿದರು: "ನಿನ್ನ ಮನಸು ಛಲೋದೈತಿ ಅಂತ ನಂಗೊತ್ತು. ದಾರ್ಯಾಗ ನಿಂತೋರಿಗೆ ಅದು ಹೆಂಗ ಗೊತ್ತಾಗಬೇಕಪ್ಪಾ?"

ಮರುದಿನದಿಂದ ಅಕ್ಕ ಅವನಿಗೆ ಹಾಸ್ಟೆಲಿನ ಬಾಗಿಲು ಬಂದ್ ಮಾಡಿದರು. ಅವನ ಗುಂಪಿನವರು ಮುನಿಸಿಕೊಂಡರು, ಮುಂದಿನ ವರ್ಷ ಬರಲೇ ಇಲ್ಲ. ಚರ್ಚಿನ ಕಮಿಟಿಯವರು ಅದನ್ನೆಲ್ಲ ಅಕ್ಕನ ಬಾಯಿಯ ಮೇಲೆ ಹಾಕಿ ಅವರನ್ನು ಕೆಲಸದಿಂದ ಬಿಡಿಸಿದರು. ನನಗೆ ಇವತ್ತಿಗೂ ಅದು ನುಂಗಲಾರದ ಸಿಟ್ಟು. ಅಕ್ಕ ಲಿಂಗಸುಗೂರಿನ ತಂಗಿಯ ಮನೆ ಸೇರಿದರು. ಕ್ರಿಸ್‌ಮಸ್‌ಗೆ ಫೋನ್ ಮಾಡಿದರೆ ಹಾಸ್ಟೆಲಿನ ಒಂದೊಂದು ಮಗುವನ್ನೂ ಹೆಸರು ಹಿಡಿದು ಕೇಳುತ್ತಿದ್ದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು…

ಸೂಟ್‌ಕೇಸ್ ಪಕ್ಕಕ್ಕೆ ಸರಿಸಿ ಮಗಳಿಗೆ ಇದನ್ನೆಲ್ಲ ಹೇಳಿದೆ. ಕೈಯಲ್ಲಿದ್ದ ಫೋನ್ ಕೆಳಗಿಟ್ಟು ಕೇಳಿಸಿಕೊಂಡಳು. ಕೊನೆಗೆ ಸಣ್ಣ ದನಿಯಲ್ಲಿ, "ಹಂಗಾರ ಅಲ್ಲಿ ನಾ ಯಾರನ್ನ ಕೇಳಬೇಕವ್ವಾ?" ಎಂದಳು.

"ಅಲ್ಲೂ ಅಂಥಾಕಿ ಒಬ್ಬಾಕಿ ಇರ್ತಾಳ. ಎಲ್ಲಾರಿಗೂ ಬೈಕೋಂತ ತಿರಗತಿರ್ತಾಳ. ಹೋದ ಕೂಡಲೇ ಮೊದ್ಲು ಆಕೀನ ಹುಡುಕು."

ಹೇಳಿ ಮುಗಿಸಿ ಮುಲಾಮಿನ ಮುಚ್ಚಳ ಬಿಗಿ ಮಾಡಿದೆ. ಮಗಳಿಗೆ ಅಲ್ಲಿ ಒಬ್ಬಾಕೆ ಸಿಕ್ಕಾಳು. ನಾನು ಇಲ್ಲಿ ಎಷ್ಟು ಹುಡುಕಿದರೂ ನಮ್ಮ ಅಕ್ಕ ಸಿಗುವುದಿಲ್ಲ.